ಕುಲದ ಬೇಲಿಯೂ ಹೆಣ್ಣಿನ ಬಾಳೂ

ಕಲ್ಯಾಣದಲ್ಲಿ ನಾನಾ ಕುಲಗಳಿಂದ ಬಂದ ಶರಣರು ಸಹಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದರು. ಅದರ ಮೇಲೆ ದೂರುಗಳೇನೋ ಇದ್ದವು. ಅರಸನು ಹೇಗೋ ಸಹಿಸಿಕೊಂಡಿದ್ದನು. ಆದರೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಕೊಟ್ಟು ಲಗ್ನವಾದಾಗ ಸಹನೆಯ ಕಟ್ಟೆ ಒಡೆಯಿತೆಂದೂ, ಆ ತಂದೆಯರಿಗೆ ಘೋರವಾದ ಮರಣದಂಡನೆಯಾಯಿತೆಂದೂ ಪರಂಪರೆಯು ಹೇಳುತ್ತದೆ. ಊಟಕ್ಕೆ ಬಾರದ ಕೋಪವು ವಿವಾಹಕ್ಕೆ ಬಂದುದೇಕೆ?

1916ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ತರುಣ ಅಂಬೇಡ್ಕರರು ಓದಿದ ಪ್ರಬಂಧವೊಂದರಲ್ಲಿ ಇದಕ್ಕೆ ಉತ್ತರವಿದೆ. ತನ್ನೊಳಗೇ ಕೊಟ್ಟು ತರುವ ಕಟ್ಟಳೆಯೇ ಜಾತಿಯ ಜೀವಾಳವೆಂದು ಅವರು ತೋರಿಸಿದರು. ಗಂಡನನ್ನು ಕಳೆದುಕೊಂಡ ಹೆಣ್ಣು ಕುಲದ ಲೆಕ್ಕದಲ್ಲಿ ಹೆಚ್ಚಿನವಳು. ಅವಳು ಒಳಗೇ ಮರುವಿವಾಹವಾದರೆ ಒಬ್ಬ ಕನ್ಯೆಯ ಪಾಲಿನ ವರನು ಹೋದಂತೆ. ಹೊರಗೆ ಆದರೆ ಬೇಲಿಯೇ ಮುರಿದಂತೆ. ಆದುದರಿಂದ ಅವಳಿಗೆ ಸಹಗಮನ, ಇಲ್ಲವೆ ಕಡ್ಡಾಯದ ವೈಧವ್ಯ. ಹೆಂಡತಿ ಸತ್ತ ಗಂಡಿಗೆ ಮಾತ್ರ ಇನ್ನೂ ವಯಸ್ಸಿಗೆ ಬಾರದ ಹುಡುಗಿಯನ್ನು ಹುಡುಕಿಕೊಡಲಾಗುತ್ತಿತ್ತು. ಹೀಗೆ ನೋಡಿದರೆ ಈ ಆಚಾರಗಳು ಜಾತಿಗೆ ಎಲ್ಲಿಂದಲೋ ಅಂಟಿದ ದೋಷಗಳಲ್ಲ, ಅದನ್ನು ಕಾಯುವ ಉಪಕರಣಗಳು. 1863ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರೀಬಾಯಿ ಫುಲೆ ದಂಪತಿಗಳು ಪುಣೆಯಲ್ಲಿ ಗರ್ಭಿಣಿಯರಾದ ಬ್ರಾಹ್ಮಣ ವಿಧವೆಯರಿಗೆ ಆಶ್ರಯ ಕಲ್ಪಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಸ್ವರಾಜ್ಯವನ್ನು ಬಯಸಿದವರು ಇದನ್ನು ಹೇಗೆ ಕಂಡರು? ಮುಂಬಯಿಯ ರುಖ್ಮಾಬಾಯಿಯ ಪ್ರಕರಣವು ಇಲ್ಲಿ ವಿಚಾರಾರ್ಹ. ಆಕೆ ಬಡಗಿ ಕುಲದವಳು. ಆ ಕುಲದಲ್ಲಿ ವಿಧವೆಯ ಮರುವಿವಾಹಕ್ಕೆ ಅಡ್ಡಿಯಿರಲಿಲ್ಲ; ಆಕೆಯ ತಾಯಿಯೇ ಡಾಕ್ಟರ್ ಸಖಾರಾಮ ಅರ್ಜುನರನ್ನು ಮರುವಿವಾಹವಾಗಿದ್ದಳು. ರುಖ್ಮಾಬಾಯಿಗೆ 11ರ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವನೊಡನೆ ಮದುವೆಯಾಗಿತ್ತು. ಆಕೆ ಬಾಳ್ವೆಗೆ ಹೋಗಲೊಪ್ಪದಿರಲು ಅವನು 1884ರಲ್ಲಿ ದಾವೆ ಹೂಡಿದನು. ಮರುವರ್ಷ ನ್ಯಾಯಮೂರ್ತಿ ಪಿನ್ಹೆ ಅದನ್ನು ತಳ್ಳಿಹಾಕಿದರು. ಆದರೆ ಮೇಲ್ಮನವಿಯಿಂದ ತಿರುಗಿ ಬಂದ ಮೊಕದ್ದಮೆಯಲ್ಲಿ, 1887ರಲ್ಲಿ, ಗಂಡನ ಮನೆಗೆ ಹೋಗಬೇಕು, ಇಲ್ಲವೆ 6 ತಿಂಗಳ ಸೆರೆವಾಸ ಎಂದು ತೀರ್ಪಾಯಿತು. ಸೆರೆವಾಸವೇ ಲೇಸೆಂದಳು ಆ ತರುಣಿ. ಕಡೆಗೆ 1888ರಲ್ಲಿ 2000 ರೂಪಾಯಿ ಪಡೆದು ದಾದಾಜಿಯು ಹಕ್ಕು ಬಿಟ್ಟುಕೊಟ್ಟನು. ರುಖ್ಮಾಬಾಯಿ ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತು ಬಂದು ಸೂರತ್, ರಾಜಕೋಟೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು.

ಈ ಮೊಕದ್ದಮೆಯಲ್ಲಿ ಧರ್ಮಕ್ಕೆ ಹಾನಿಯೆಂದು ತಿಲಕರ ಪತ್ರಿಕೆಗಳು ಆಕೆಯ ವಿರುದ್ಧ ಬರೆದವು. ವಿಚಿತ್ರವೆಂದರೆ, ಹೆಂಡತಿಯನ್ನು ಕೋರ್ಟಿನ ಮೂಲಕ ಬರಮಾಡಿಕೊಳ್ಳುವ ಆ ದಾವೆಯ ಕ್ರಮವು ಶಾಸ್ತ್ರದ್ದಲ್ಲ. ಇಂಗ್ಲೆಂಡಿನ ಚರ್ಚು ನ್ಯಾಯಾಲಯಗಳಿಂದ ಬಂದದ್ದು. ಅದಕ್ಕಾಗಿ ಸೆರೆಗೆ ಕಳುಹಿಸುವುದನ್ನು ಇಂಗ್ಲೆಂಡೇ 1884ರಲ್ಲಿ ಕೈಬಿಟ್ಟಿತ್ತು! 1891ರಲ್ಲಿ ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದಾಗಲೂ ಅದೇ ಬಗೆಯ ವಿರೋಧವೆದ್ದಿತು. ಪರಕೀಯ ಸರಕಾರವು ಮನೆಯೊಳಕ್ಕೆ ಕೈಹಾಕಬಾರದೆಂಬ ಮಾತಿನಲ್ಲಿ ಅಭಿಮಾನವಿತ್ತು, ನಿಜ. ಆದರೆ ಆ ಮನೆಯೊಳಗಿದ್ದ ಬಾಲೆಯನ್ನು ಯಾರೂ ಕೇಳಲಿಲ್ಲ. 1895ರ ಪುಣೆ ಕಾಂಗ್ರೆಸ್ಸಿನಲ್ಲಿ ಸಾಮಾಜಿಕ ಪರಿಷತ್ತಿಗೆ ಕಾಂಗ್ರೆಸ್ಸಿನ ಚಪ್ಪರ ಸಹ ದೊರೆಯಲಿಲ್ಲ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರು ಬೀದಿಗಿಳಿದು ಸೆರೆಮನೆ ಸೇರಿದರು. ಮೈಸೂರು ಸಂಸ್ಥಾನವು 1933ರಲ್ಲಿಯೇ ಸ್ತ್ರೀಯರ ಆಸ್ತಿಯ ಹಕ್ಕುಗಳನ್ನು ಕುರಿತು ಕಾಯಿದೆ ಮಾಡಿತು. ಆದರೂ ಸ್ವತಂತ್ರ ಭಾರತದಲ್ಲಿ ಹಿಂದೂ ಸಂಹಿತೆಯು ಮುಂದೆ ಸಾಗದಿರಲು 1951ರಲ್ಲಿ ಅಂಬೇಡ್ಕರರು ಮಂತ್ರಿಪದವನ್ನೇ ತೊರೆಯಬೇಕಾಯಿತು. ಅದರ ಭಾಗಗಳು 1955, 1956ರಲ್ಲಿ ಬೇರೆ ಬೇರೆ ಕಾಯಿದೆಗಳಾದವು. 1955ರ ವಿವಾಹದ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಜಾತಿ ಬೇರೆಯಾದ ಮಾತ್ರಕ್ಕೆ ಹಿಂದೂ ವಿವಾಹವು ಅಸಿಂಧುವಾಗದೆಂಬ ಕಾಯಿದೆ ಅದಕ್ಕೂ ಮೊದಲು, 1949ರಲ್ಲಿಯೇ ಆಗಿತ್ತು.

ಹರಳಯ್ಯ, ಮಧುವರಸರು ಪ್ರಾಣಕೊಟ್ಟು ಮಾಡಿದ ಕಾರ್ಯಕ್ಕೆ ಈಗ ಕಾನೂನಿನ ಅಡ್ಡಿಯಿಲ್ಲ. ಹೆಣ್ಣಿಗೂ ಗಂಡಿಗೂ ಇಷ್ಟಲಿಂಗವು ಒಂದೇ. ಆದರೂ ಆ ಶರಣರನ್ನು ನೆನೆಯುವ ಮನೆಗಳಲ್ಲಿಯೇ ವಧೂವರರ ಮಾತು ಬಂದಾಗ ಒಳಪಂಗಡವನ್ನು ವಿಚಾರಿಸುವುದು ನಿಂತಿಲ್ಲ. ಪಂಗಡದಾಚೆಯ ಹೆಣ್ಣನ್ನು ತಂದ ಮಗನನ್ನು ತಿಂಗಳೊಪ್ಪತ್ತಿನಲ್ಲಿ ಒಳಕ್ಕೆ ಕರೆದುಕೊಳ್ಳುವ ಹಿರಿಯರು, ಹಾಗೆಯೇ ಹೊರಗೆ ಹೋದ ಮಗಳ ಹೆಸರನ್ನು ವರ್ಷಗಟ್ಟಲೆ ಎತ್ತದಿರುವುದುಂಟು.