ರೇಂಜ್ ರೋವರ್: ಸರಕು ಒಂದು, ಒಡೆಯರು ಹಲವರು

ಸಂಸ್ಥೆ ಬೇರೆ, ಅದರ ಮಾಲೀಕ ಬೇರೆ ಎಂಬುದು ಲೆಕ್ಕಪತ್ರ ಶಾಸ್ತ್ರದ ಮೊದಲ ಪಾಠ. ಸರಕಿನ ಆಯುಷ್ಯ ಬೇರೆ, ಅದನ್ನು ತಯಾರಿಸುವ ಸಂಸ್ಥೆಯ ಆಯುಷ್ಯ ಬೇರೆ ಎಂಬುದನ್ನೂ ಇದರೊಡನೆ ಬೋಧಿಸಬೇಕೆಂದು ನನಗೆ ಅನೇಕ ಬಾರಿ ಅನ್ನಿಸಿದೆ. ಬ್ರಿಟನ್ನಿನ ಐಷಾರಾಮಿ ವಾಹನವಾದ ರೇಂಜ್ ರೋವರ್‌ನ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ನಮ್ಮ ಸದಸ್ಯರಲ್ಲಿ ಹಲವರು ಈ ವಾಹನವನ್ನು ರಸ್ತೆಯಲ್ಲಿ ಕಂಡು ಮೆಚ್ಚಿರಬಹುದು. ಅದರ ಹಿಂದಿನ ಲೆಕ್ಕಾಚಾರವೂ ಅಷ್ಟೇ ಸ್ವಾರಸ್ಯಕರವಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರವಿತ್ತು. ರಫ್ತು ಮಾಡುವವರಿಗೆ ಹಂಚಿಕೆಯಲ್ಲಿ ಆದ್ಯತೆ. ಕಾರುಗಳನ್ನು ತಯಾರಿಸುತ್ತಿದ್ದ ರೋವರ್ ಕಂಪನಿಗೆ ಕಾರ್ಖಾನೆಯಿತ್ತು, ಕಚ್ಚಾ ಸಾಮಗ್ರಿ ಇರಲಿಲ್ಲ. ಅದರ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಬಳಸುತ್ತಿದ್ದ ಅಮೆರಿಕದ ಜೀಪಿನಿಂದ ಸ್ಫೂರ್ತಿ ಪಡೆದು, ಅಲ್ಯೂಮಿನಿಯಂ ಮಿಶ್ರಲೋಹದ ಕವಚವುಳ್ಳ ಕೃಷಿ ವಾಹನವೊಂದನ್ನು ರೂಪಿಸಿದರು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅನಾವರಣಗೊಂಡ ಈ ಲ್ಯಾಂಡ್ ರೋವರ್ ಕೇವಲ ತಾತ್ಕಾಲಿಕ ಏರ್ಪಾಡೆಂದು ಕಂಪನಿ ಎಣಿಸಿತ್ತು.

ಕೆಲಸದ ವಾಹನದ ಶಕ್ತಿ ಮತ್ತು ಕಾರಿನ ಸುಖ ಎರಡನ್ನೂ ಕೂಡಿಸುವ ಯತ್ನ 1960ರ ದಶಕದಲ್ಲಿ ನಡೆಯಿತು. ಅದಕ್ಕೆ ಬೇಕಾದ ಹಗುರವಾದ ಎಂಜಿನ್ ದೊರೆತದ್ದು ಅನಿರೀಕ್ಷಿತವಾಗಿ. ಜನರಲ್ ಮೋಟರ್ಸ್‌ನ ಬ್ಯೂಯಿಕ್ ವಿಭಾಗವು ದುಬಾರಿಯೆಂದು ಕೈಬಿಟ್ಟಿದ್ದ ಅಲ್ಯೂಮಿನಿಯಂ ವಿ8 ಎಂಜಿನ್ನಿನ ತಯಾರಿಕಾ ಹಕ್ಕನ್ನು ರೋವರ್ 1965ರಲ್ಲಿ ಪಡೆದುಕೊಂಡಿತು. ಒಬ್ಬರು ತಿರಸ್ಕರಿಸಿದ ಈ ಎಂಜಿನ್ ಇನ್ನೊಬ್ಬರಿಗೆ ಮೂರು ದಶಕಗಳಿಗೂ ಮೀರಿ ದುಡಿಯಿತು.

ಸ್ಪೆನ್ ಕಿಂಗ್ ಮತ್ತು ಗಾರ್ಡನ್ ಬ್ಯಾಷ್‌ಫರ್ಡ್ ವಿನ್ಯಾಸಗೊಳಿಸಿದ ರೇಂಜ್ ರೋವರ್ 1970ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದಿತು. ಬೆಲೆ 1,998 ಪೌಂಡ್. ಕಾಯಿಲ್ ಸ್ಪ್ರಿಂಗ್, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ನಾಲ್ಕೂ ಚಕ್ರಗಳಿಗೆ ನಿರಂತರ ಚಾಲನಾ ಶಕ್ತಿ ಅದರ ವೈಶಿಷ್ಟ್ಯಗಳಾಗಿದ್ದವು. ಐಷಾರಾಮವೆಂಬುದು ಆಗ ಅದರಲ್ಲಿ ಇರಲಿಲ್ಲ. ಕೆಸರಾದರೆ ನೀರು ಸುರಿದು ತೊಳೆಯಬಹುದಾದ ಪ್ಲಾಸ್ಟಿಕ್ ಒಳಾಂಗಣ, ಎರಡೇ ಬಾಗಿಲುಗಳು. ಆದರೂ ಖರೀದಿಗೆ ಸರದಿ ನಿಂತಿತು.

ಇಲ್ಲಿಯೇ ಗಮನಿಸಬೇಕಾದ ಸಂಗತಿಯಿದೆ. ಹಿಂದಿನ ಆಸನಕ್ಕೆ ಹತ್ತಲು ತೊಡಕಿರುವ ಈ ವಾಹನಕ್ಕೆ ಇನ್ನೆರಡು ಬಾಗಿಲು ಬೇಕೆಂಬುದು ಗ್ರಾಹಕರಿಗೆ ಸ್ಪಷ್ಟವಾಗಿತ್ತು. ಆದರೆ ಆ ವೇಳೆಗೆ ಒಡೆಯನಾಗಿದ್ದ ಬ್ರಿಟಿಷ್ ಲೇಲ್ಯಾಂಡ್ ನಷ್ಟದಲ್ಲಿ ಮುಳುಗಿ 1975ರಲ್ಲಿ ಸರ್ಕಾರದ ವಶವಾಯಿತು. ಬಂಡವಾಳವೆಲ್ಲ ಸೋಲುತ್ತಿದ್ದ ಕಾರುಗಳತ್ತ ಹರಿಯಿತು. ಗೆಲ್ಲುತ್ತಿದ್ದ ವಾಹನಕ್ಕೆ ಅಲ್ಪವೇ ಉಳಿಯಿತು. ಈ ಕೊರತೆಯನ್ನು ಹೊರಗಿನವರು ತುಂಬಿದರು. ಸ್ವಿಟ್ಜರ್‌ಲೆಂಡಿನ ಮಾಂಟೆವರ್ಡಿ ಸಂಸ್ಥೆ 1980ರಲ್ಲಿ ನಾಲ್ಕು ಬಾಗಿಲಿನ ರೂಪಾಂತರವನ್ನು ಜಿನೀವಾದಲ್ಲಿ ಪ್ರದರ್ಶಿಸಿತು. ಕಾರ್ಖಾನೆಯೇ ತಯಾರಿಸಿದ ನಾಲ್ಕು ಬಾಗಿಲಿನ ವಾಹನ ಬಂದದ್ದು 1981ರಲ್ಲಿ, ಅಂದರೆ ಹನ್ನೊಂದು ವರ್ಷಗಳ ಬಳಿಕ. ಮರುವರ್ಷ ಸ್ವಯಂಚಾಲಿತ ಗೇರ್, 1987ರಲ್ಲಿ ಅಮೆರಿಕದ ಮಾರುಕಟ್ಟೆ, 1992ರಲ್ಲಿ ಗಾಳಿಯ ಸಸ್ಪೆನ್ಷನ್ ಸೇರಿ ಅದು ನಿಜವಾದ ಐಷಾರಾಮಿ ವಾಹನವಾಯಿತು. ಮೊದಲ ಮಾದರಿ 1996ರವರೆಗೂ ತಯಾರಾಯಿತು.

ನನ್ನ ಕಕ್ಷಿದಾರರೊಬ್ಬರು ಪಂಪಿನ ಬಿಡಿಭಾಗಗಳ ಎರಕ ಮಾಡುತ್ತಿದ್ದರು. ಲಾಭವೆಲ್ಲ ಒಂದೇ ಭಾಗದಿಂದ ಬರುತ್ತಿತ್ತು. ಹೊಸ ಯಂತ್ರವನ್ನು ಮಾತ್ರ ಅವರು ನಷ್ಟದ ಭಾಗಕ್ಕೆ ಕೊಂಡರು. ವಿಭಾಗವಾರು ಲೆಕ್ಕವನ್ನು ನಾನು ಆಗಲೇ ಸಿದ್ಧಪಡಿಸಿ ಅವರ ಮುಂದಿಡಲಿಲ್ಲವಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಒಡೆತನದ ಸರಣಿಯನ್ನು ನೋಡೋಣ. 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್ ಇಡೀ ರೋವರ್ ಸಮೂಹವನ್ನು 15 ಕೋಟಿ ಪೌಂಡಿಗೆ ಕೊಂಡು, 1994ರಲ್ಲಿ ಬಿಎಂಡಬ್ಲ್ಯು ಸಂಸ್ಥೆಗೆ 80 ಕೋಟಿಗೆ ಮಾರಿತು. ಅದೇ ವರ್ಷ ಎರಡನೆಯ ತಲೆಮಾರಿನ ವಾಹನ ಹೊರಬಂದಿತು. 2000ದಲ್ಲಿ ಬಿಎಂಡಬ್ಲ್ಯು ಲ್ಯಾಂಡ್ ರೋವರನ್ನು ಸುಮಾರು 180 ಕೋಟಿ ಪೌಂಡಿಗೆ ಫೋರ್ಡ್‌ಗೆ ಮಾರಿತು; ಉಳಿದ ರೋವರ್ ಕಾರು ವ್ಯವಹಾರ ಕೇವಲ ಹತ್ತು ಪೌಂಡಿಗೆ ಕೈಬದಲಾಯಿತು, 2005ರಲ್ಲಿ ಮುಚ್ಚಿತು. ಬಿಎಂಡಬ್ಲ್ಯು ಹಣದಿಂದ ರೂಪುಗೊಂಡ ಮೂರನೆಯ ತಲೆಮಾರು 2001ರಲ್ಲಿ ಫೋರ್ಡ್ ಒಡೆತನದಲ್ಲಿ ಅನಾವರಣಗೊಂಡಿತು. ಬಿತ್ತಿದವರೊಬ್ಬರು, ಕೊಯ್ದವರು ಇನ್ನೊಬ್ಬರು.

2006ರಲ್ಲಿ ಭಾರಿ ನಷ್ಟ ಕಂಡ ಫೋರ್ಡ್‌ಗೆ ನಗದು ಬೇಕಿತ್ತು. 2008ರ ಜೂನ್‌ನಲ್ಲಿ ಟಾಟಾ ಮೋಟರ್ಸ್ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡಿತು. ಅದೂ ಅಲ್ಪಾವಧಿಯ ಸಾಲದಿಂದ. ಕೆಲವೇ ತಿಂಗಳಲ್ಲಿ ಜಾಗತಿಕ ಕುಸಿತ ಬಂದೆರಗಿ, 2008-09ರಲ್ಲಿ ಟಾಟಾ ಮೋಟರ್ಸ್‌ನ ಕ್ರೋಡೀಕೃತ ನಷ್ಟ 2,505 ಕೋಟಿ ರೂಪಾಯಿಗೆ ಮುಟ್ಟಿತು. ದೀರ್ಘಾವಧಿಯ ಆಸ್ತಿಗೆ ಅಲ್ಪಾವಧಿಯ ಸಾಲ ಎಷ್ಟು ಅಪಾಯಕರವೆಂಬುದನ್ನು ಇಲ್ಲಿ ಕಾಣಬಹುದು. ಆದರೂ ಹೊಸ ಒಡೆಯರು ಉತ್ಪನ್ನದ ಮೇಲಿನ ವೆಚ್ಚವನ್ನು ನಿಲ್ಲಿಸಲಿಲ್ಲ. 2012ರಲ್ಲಿ ಪೂರ್ಣ ಅಲ್ಯೂಮಿನಿಯಂ ಕವಚದ ನಾಲ್ಕನೆಯ ತಲೆಮಾರು, 2021ರಲ್ಲಿ ಐದನೆಯದು ಬಂದವು. 2024ರಲ್ಲಿ ಪುಣೆಯಲ್ಲಿಯೂ ಜೋಡಣೆ ಆರಂಭವಾಯಿತು. ವಾಹನವನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡು ಜಿಎಸ್‌ಟಿ ಹೂಡುವಳಿ ತೆರಿಗೆಯನ್ನು ಜಮಾ ಪಡೆಯಬಹುದೇ ಎಂದು ಕೇಳುವವರಿಗೆ ಒಂದು ಮಾತು: ಕಾಯಿದೆಯ 17(5)ನೆಯ ಪ್ರಕರಣ ಸಾಮಾನ್ಯ ವ್ಯಾಪಾರಿಗೆ ಅದನ್ನು ನಿರಾಕರಿಸುತ್ತದೆ.

2018ರ ಡಿಸೆಂಬರ್ ತ್ರೈಮಾಸಿಕದಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ತನ್ನ ಆಸ್ತಿಗಳ ಪುಸ್ತಕ ಮೌಲ್ಯವನ್ನು 310 ಕೋಟಿ ಪೌಂಡಿನಷ್ಟು ಇಳಿಸಿತು. ಟಾಟಾ ಮೋಟರ್ಸ್‌ಗೆ ಆ ತ್ರೈಮಾಸಿಕದಲ್ಲಿ ಸುಮಾರು 27,000 ಕೋಟಿ ರೂಪಾಯಿ ನಷ್ಟ. ಆದರೆ ಮೌಲ್ಯ ಇಳಿಕೆಯ ಈ ಬಾಬಿನಲ್ಲಿ ನಗದು ಹೊರಹೋಗಲಿಲ್ಲ. 2023-24ರಲ್ಲಿ ಅದೇ ಸಂಸ್ಥೆ 220 ಕೋಟಿ ಪೌಂಡ್ ತೆರಿಗೆಪೂರ್ವ ಲಾಭ ತೋರಿಸಿತು.

2025ರ ಸೆಪ್ಟೆಂಬರ್‌ನಲ್ಲಿ ಪೆಟ್ಟು ಬೇರೆ ಕಡೆಯಿಂದ ಬಿದ್ದಿತು. ಸೈಬರ್ ದಾಳಿಯಿಂದ ಬ್ರಿಟನ್ನಿನ ಕಾರ್ಖಾನೆಗಳು ಸುಮಾರು ಐದು ವಾರ ಸ್ಥಗಿತಗೊಂಡವು. ಸರಬರಾಜು ಸರಪಳಿಯನ್ನು ಉಳಿಸಿಕೊಳ್ಳಲು ಬ್ರಿಟಿಷ್ ಸರ್ಕಾರವು 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನೀಡಬೇಕಾಯಿತು. ದೊಡ್ಡ ಸಂಸ್ಥೆಗೆ ಬ್ಯಾಂಕುಗಳಿದ್ದವು. ಅದೊಂದನ್ನೇ ನಂಬಿದ್ದ ಸಣ್ಣ ಬಿಡಿಭಾಗ ತಯಾರಕರು ಕೆಲಸಗಾರರ ವೇತನಕ್ಕೆ ಪರದಾಡಿದರು. ನಮ್ಮ ಕೈಗಾರಿಕಾ ವಸಾಹತುಗಳಲ್ಲಿಯೂ ಒಬ್ಬನೇ ಗ್ರಾಹಕನಿಂದ ಮುಕ್ಕಾಲು ಪಾಲು ವಹಿವಾಟು ಪಡೆಯುವ ಘಟಕಗಳು ಕಡಿಮೆಯೇನಿಲ್ಲ. ಅಂಥವರು ಈ ಮಾರ್ಚ್ ಅಂತ್ಯದ ಬಾಕಿದಾರರ ಪಟ್ಟಿಯನ್ನು ಲೆಕ್ಕಪರಿಶೋಧಕರಿಗೆ ಕೊಡುವ ಮುನ್ನ, ಮೊದಲ ಹೆಸರಿನ ಮುಂದಿರುವ ಮೊತ್ತ ಎಷ್ಟು ತಿಂಗಳ ವೇತನಕ್ಕೆ ಸಮವೆಂದು ತಾವೇ ಒಮ್ಮೆ ಲೆಕ್ಕ ಹಾಕಿ ನೋಡಬೇಕಾಗಿ ವಿನಂತಿ.