ರಿಪೇರಿ ಕಲಿ, ಪುಟ್ಟೀ

ಪುಟ್ಟೀ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ನೀನು ಫೋನ್ ಮಾಡಿ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಜ್ಜೀ, ಅರವತ್ತೆಂಟು ಪರ್ಸೆಂಟ್ ಬಂತು. ಅಪ್ಪ ಕಾಮರ್ಸ್ ಅಂತಾರೆ, ಅಮ್ಮ ಕಂಪ್ಯೂಟರ್ ಅಂತಾರೆ. ನಂಗೆ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗೋ ಆಸೆ. ಹೇಳಿದ್ದಕ್ಕೆ ಎಲ್ಲರೂ ನಕ್ಕುಬಿಟ್ರು." ನಕ್ಕವರಲ್ಲಿ ನಿಮ್ಮಪ್ಪನೂ ಇದ್ದನಂತೆ. ಅವನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ನಿಂತುಹೋದ ರೇಡಿಯೊ ಹಿಡಿದುಕೊಂಡು "ಅತ್ತೇ, ಹಾಡಿಸು" ಅಂತ ಓಡಿ ಬರುತ್ತಿದ್ದದ್ದು ನನ್ನ ಹತ್ತಿರವೇ. ಇರಲಿ, ಅವನ ಜೊತೆ ಆಮೇಲೆ ಮಾತಾಡುತ್ತೇನೆ. ಮೊದಲು ನಿನ್ನ ಜೊತೆ.

ಭೇಷ್ ಅಂತ ಬೆನ್ನು ತಟ್ಟಿ ಕಳಿಸಿಬಿಡುವುದು ಸುಲಭ. ಹೆಣ್ಣುಮಕ್ಕಳು ಏನು ಬೇಕಾದರೂ ಮಾಡಬಲ್ಲರು ಎಂದು ಈಗ ಗೋಡೆಗಳ ಮೇಲೆಲ್ಲ ಬರೆದಿರುತ್ತಾರೆ. ಗೋಡೆಯ ಒಳಗೆ ಅವರಿಗೆ ಯಾವ ಕೆಲಸ ಸಿಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದವಳು ನಾನು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ನಾನು ಹುಡುಗಿಯಾಗಿದ್ದಾಗ ಬೆಂಗಳೂರಿನಲ್ಲಿ ಕಾರ್ಖಾನೆಗೆ ಹೋಗುವ ಹೆಂಗಸೆಂದರೆ ಒಂದು ಗತ್ತು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ವಾಚ್ ಕಾರ್ಖಾನೆ ತೆರೆದಿದ್ದರು. ಕಂಪನಿ ಬಸ್ಸಿನಿಂದ ಇಳಿಯುವ ಹೆಂಗಸರ ಕೈಗಡಿಯಾರ, ಟಿಫನ್ ಬಾಕ್ಸು, ನಡಿಗೆಯ ಬಿರುಸು ನೋಡಿಯೇ ನನಗೆ ಆಸೆ ಹತ್ತಿದ್ದು. ಆ ದೊಡ್ಡ ಕಾರ್ಖಾನೆಗಳಲ್ಲಿ ನನಗೆ ಕೆಲಸ ಸಿಗಲಿಲ್ಲ. 1978ರಲ್ಲಿ ಪೀಣ್ಯದ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಕಾಯಿಲ್ ಸುತ್ತುವ ಕೆಲಸ ಸಿಕ್ಕಿತು. ಒಂದೇ ಸಾಲಿನಲ್ಲಿ ಹದಿನಾಲ್ಕು ಹೆಂಗಸರು. "ಹೆಣ್ಣುಮಕ್ಕಳ ಬೆರಳು ನಾಜೂಕು, ಅದಕ್ಕೇ ಈ ಕೆಲಸ ಅವರಿಗೇ" ಅನ್ನುತ್ತಿದ್ದರು. ಕೇಳಿದಾಗ ಹೊಗಳಿಕೆಯಂತೆ ಕಾಣುವ ಮಾತು. ಅದು ನಮ್ಮನ್ನು ಆ ಸ್ಟೂಲಿಗೆ ಕಟ್ಟಿಹಾಕುವ ಹಗ್ಗ ಅಂತ ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಹೇಗೆ ತಿಳಿಯಿತು ಕೇಳು. ಮಷೀನು ನಿಂತರೆ ನಾವೂ ಕೈಕಟ್ಟಿ ಕೂರಬೇಕು. ಮೆಂಟೆನೆನ್ಸಿನ ಮೆಕ್ಯಾನಿಕ್ ಬರಬೇಕು, ಅವನು ಟೀ ಕುಡಿದು ಬರಬೇಕು. ನಮಗೆ ಪೀಸ್ ಲೆಕ್ಕದ ಸಂಬಳ. ನಿಂತಷ್ಟು ಹೊತ್ತು ಹಣ ಖೋತಾ. ಒಂದು ದಿನ ಅವನು ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದೆ. ತಂತಿಯನ್ನು ಬಿಗಿಯಾಗಿ ಹಿಡಿಯುವ ಫೆಲ್ಟು ಸವೆದಿತ್ತು, ಅಷ್ಟೆ. ಚಿಕ್ಕದೊಂದು ತುಂಡು ಕತ್ತರಿಸಿ ಹಾಕಿದ, ಮಷೀನು ಓಡಿತು. ಎರಡು ಗಂಟೆ ನಾವು ಕಾದದ್ದು ಐದು ನಿಮಿಷದ ಕೆಲಸಕ್ಕೆ! ಅವನ ಸಂಬಳ ನನ್ನದಕ್ಕಿಂತ ಎರಡರಷ್ಟು. ಅವನ ಬೆರಳು ನನ್ನದಕ್ಕಿಂತ ದಪ್ಪ. ಅವನ ಹತ್ತಿರ ಇದ್ದು ನನ್ನ ಹತ್ತಿರ ಇಲ್ಲದ್ದೆಂದರೆ ಟೂಲ್ ಬಾಕ್ಸ್, ಮತ್ತೆ ಅದನ್ನು ತೆರೆಯುವ ಹಕ್ಕು.

ಈಗಲೂ ಇದು ಬದಲಾಗಿಲ್ಲ, ಪುಟ್ಟೀ. ನಿಮ್ಮ ದೊಡ್ಡಮ್ಮ ಹದಿನೇಳು ವರ್ಷದಿಂದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವಳ ಮಷೀನಿನ ಸದ್ದು ಕೇಳಿದರೇ ಅದಕ್ಕೆ ಏನು ಕಾಯಿಲೆ ಅಂತ ಹೇಳಬಲ್ಲಳು. ಆದರೆ ಹುಕ್ಕಿನ ಟೈಮಿಂಗ್ ತಪ್ಪಿದರೆ ಕೈ ಎತ್ತಿ ಮೆಕ್ಯಾನಿಕ್ಕನ್ನು ಕರೆಯಬೇಕು. ಬರುವವನು ನೆನ್ನೆ ಮೊನ್ನೆ ಸೇರಿದ ಹುಡುಗ. ಲೈನಿನ ತುಂಬ ಹೆಂಗಸರು, ಸ್ಪ್ಯಾನರ್ ಹಿಡಿದವರು ಗಂಡಸರು. ನರಸಾಪುರ, ದೇವನಹಳ್ಳಿ ಕಡೆಯ ಮೊಬೈಲ್ ಜೋಡಿಸುವ ಕಾರ್ಖಾನೆಗಳಿಗೆ ಬಸ್ಸು ತುಂಬಿಕೊಂಡು ಹುಡುಗಿಯರು ಹೋಗುತ್ತಾರೆ. ಒಳ್ಳೆಯದೇ, ಕೈಗೆ ಹಣ ಬರುತ್ತದೆ, ಮದುವೆ ನಾಲ್ಕು ವರ್ಷ ಮುಂದೆ ಹೋಗುತ್ತದೆ. ಆದರೆ ಒಂದೇ ಸ್ಕ್ರೂ ಮೂರು ವರ್ಷ ತಿರುಗಿಸಿದವಳು ಕೆಲಸ ಬಿಟ್ಟು ಊರಿಗೆ ಬಂದರೆ ಅವಳ ಜೊತೆ ಯಾವ ವಿದ್ಯೆಯೂ ಬರುವುದಿಲ್ಲ. ಮಷೀನು ಯಾಕೆ ನಿಂತಿತು ಅಂತ ಹುಡುಕಲು ಕಲಿತವಳು ಎಲ್ಲಿ ಹೋದರೂ ಆ ಕೆಲಸ ಅವಳ ಹಿಂದೆ ಬರುತ್ತದೆ. ಟ್ರೇಡ್ ಆರಿಸುವಾಗ ನೀನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಇದರಲ್ಲಿ ಕೆಟ್ಟದ್ದನ್ನು ಬಿಚ್ಚಲು ಕಲಿಸುತ್ತಾರೋ, ಇಲ್ಲ ಹೇಳಿದಷ್ಟನ್ನು ಜೋಡಿಸಲು ಮಾತ್ರವೋ?

ನನ್ನ ಕತೆ ಪೂರ್ತಿ ಮಾಡುತ್ತೇನೆ. ಮೆಂಟೆನೆನ್ಸಿಗೆ ಹಾಕಿ ಎಂದು ಕೇಳಿದೆ. "ಹೆಂಗಸರಿಗೆ ಆಗದಮ್ಮ, ನೈಟ್ ಶಿಫ್ಟ್ ಇರುತ್ತೆ" ಅಂದರು. ಸುಳ್ಳಲ್ಲ, ಆಗಿನ 1948ರ ಫ್ಯಾಕ್ಟರೀಸ್ ಆಕ್ಟಿನ ಪ್ರಕಾರ ಹೆಂಗಸರಿಗೆ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಮಾತ್ರ ಕೆಲಸ. ಓಡುತ್ತಿರುವ ಯಂತ್ರದ ಭಾಗಗಳಿಗೆ ಹೆಂಗಸರೂ ಎಳೆಯ ಹುಡುಗರೂ ಎಣ್ಣೆ ಹಾಕಕೂಡದು ಎಂದೂ ಅದೇ ಕಾನೂನಿನಲ್ಲಿತ್ತು. ನನ್ನನ್ನೂ ಹದಿನೈದರ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿಟ್ಟ ಕಾನೂನು! ಗಂಡಸು ಮಾತ್ರ ಓಡುವ ಯಂತ್ರಕ್ಕೆ ಕೈ ಹಾಕಬಹುದಿತ್ತು. ಕಾಪಾಡಬೇಕಾದ್ದು ಎಲ್ಲರನ್ನೂ ಅಲ್ಲವೇ? ರಾತ್ರಿ ಪಾಳಿಯ ಆ ಬೇಲಿಯನ್ನು ಕರ್ನಾಟಕ 2019ರಲ್ಲಿ ತೆಗೆಯಿತು, ವಾಹನ ಮತ್ತು ಭದ್ರತೆಯ ಷರತ್ತು ಹಾಕಿ. ನನ್ನ ಕಾಲಕ್ಕೆ ಅದು ಬರಲಿಲ್ಲ. ಸಂಜೆ ಪಾಲಿಟೆಕ್ನಿಕ್ ಸೇರಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ, ಹಗಲು ಪಾಳಿಗೆ ಮಾತ್ರ ಎಂದು ಒಪ್ಪಿಕೊಂಡು ನನ್ನನ್ನು ಆ ಕಡೆ ಬಿಟ್ಟರು.

ಹೋದ ಎರಡನೇ ತಿಂಗಳಲ್ಲೇ ಒಂದು ಮೋಟಾರು ಸುಟ್ಟೆ. ಸ್ಟಾರ್‌ನಲ್ಲಿ ಓಡಬೇಕಾದ ಮೋಟಾರಿಗೆ ಡೆಲ್ಟಾ ಕನೆಕ್ಷನ್ ಕೊಟ್ಟುಬಿಟ್ಟಿದ್ದೆ. ಒಂದೊಂದು ಕಾಯಿಲಿಗೂ ಬೇಕಾದ್ದಕ್ಕಿಂತ ಒಂದೂಮುಕ್ಕಾಲು ಪಟ್ಟು ವೋಲ್ಟೇಜು ಹೋಗಿ ವಾರ್ನಿಷ್ ಸುಟ್ಟ ವಾಸನೆ ಶೆಡ್ಡಿನ ತುಂಬ. "ಅದಕ್ಕೇ ಹೆಂಗಸರ ಕೈಗೆ ಕೊಡಬಾರದು ಅನ್ನೋದು" ಅಂದರು ಸೂಪರ್‌ವೈಸರು. ಅದೇ ವರ್ಷ ನನ್ನ ಜೊತೆಯವನೊಬ್ಬ ಎರಡು ಮೋಟಾರು ಸುಟ್ಟಿದ್ದ. ಗಂಡಸರ ಕೈಗೆ ಕೊಡಬಾರದು ಅಂತ ಯಾರೂ ಅನ್ನಲಿಲ್ಲ. ಗಂಡು ತಪ್ಪು ಮಾಡಿದರೆ ಅದು ಅವನ ಖಾತೆಗೆ, ಹೆಣ್ಣು ಮಾಡಿದರೆ ಹೆಣ್ಣುಕುಲದ ಖಾತೆಗೆ. ನಿನಗೂ ಹೀಗೇ ಆಗುತ್ತದೆ, ಇದನ್ನು ಈಗಲೇ ತಿಳಿದಿರು. ತಪ್ಪೇ ಆಗಬಾರದು ಎಂದು ಹೆದರಿ ಕೈ ಹಿಂದೆ ಇಟ್ಟುಕೊಂಡರೆ ಮಾತ್ರ ನೀನು ಕೆಟ್ಟೆ. ನಾನು ಆ ಮೋಟಾರನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಸುಟ್ಟ ತಂತಿ ಬಿಚ್ಚುತ್ತ ಮೂವತ್ತಾರು ಸ್ಲಾಟಿನಲ್ಲಿ ಎಷ್ಟೆಷ್ಟು ಸುತ್ತು ಅಂತ ಎಣಿಸಿ ಬರೆದುಕೊಂಡೆ, ಹೊಸ ತಂತಿ ಸುತ್ತಿ, ಕಾಗದ ತುರುಕಿ, ವಾರ್ನಿಷ್ ಹೊಯ್ದು ಒಣಗಿಸಿ ಕೂರಿಸಿದೆ. ಕಾಯಿಲ್ ಸುತ್ತಿದ ನಾಲ್ಕು ವರ್ಷ ಆಗ ಕೈಗೆ ಬಂತು ನೋಡು. ಆ ಮೋಟಾರು ಆ ಸೂಪರ್‌ವೈಸರು ನಿವೃತ್ತರಾದ ಮೇಲೂ ಓಡಿತು.

ನಿಮ್ಮಪ್ಪ ದೊಡ್ಡವರ ಉದಾಹರಣೆ ಕೇಳಿದರೆ ಹೇಳು. ಅಯ್ಯಲಸೋಮಯಾಜುಲ ಲಲಿತಾ, ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಎಳೆಗೂಸಿನ ತಾಯಿಯಾಗಿದ್ದುಕೊಂಡೇ ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಪದವಿ ಪತ್ರದಲ್ಲಿ 'ಅವನು' ಅಂತ ಅಚ್ಚಾಗಿದ್ದುದನ್ನು ಹೊಡೆದುಹಾಕಿ 'ಅವಳು' ಅಂತ ಕೈಯಲ್ಲಿ ಬರೆದುಕೊಟ್ಟರಂತೆ. ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅಮೆರಿಕಕ್ಕೆ ಹೋಗಿ ಓದಿ ಬಂದು, 1953ರಿಂದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿದ್ಯೆ ಕಲಿಸಿದವರು. ಆದರೆ ಲಲಿತಾ ಅವರ ತಂದೆ ಅದೇ ಕಾಲೇಜಿನ ಪ್ರೊಫೆಸರು, ರಾಜೇಶ್ವರಿಯವರ ಅಜ್ಜಿ ಮೈಸೂರು ಸೀಮೆಯ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ನಮ್ಮ ಮನೆಯಲ್ಲಿ ಅಂಥ ಆಸರೆ ಇರಲಿಲ್ಲ. ಹಾಗಾಗಿ ನನಗೆ ಹೆಚ್ಚು ಹತ್ತಿರ ಸತಾರದ ಸುರೇಖಾ ಯಾದವ್. ರೈತರ ಮನೆಯವರು, ಕರಾಡದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ 1980ರ ದಶಕದ ಕೊನೆಯಲ್ಲಿ ರೈಲ್ವೆಗೆ ಸಹಾಯಕ ಚಾಲಕಿಯಾಗಿ ಸೇರಿದರು. 2023ರಲ್ಲಿ ಸೊಲ್ಲಾಪುರದಿಂದ ಮುಂಬಯಿಗೆ ವಂದೇ ಭಾರತ್ ರೈಲು ಓಡಿಸಿದವರು ಅವರೇ. ರಾಜಸ್ಥಾನದ ತಿಲೋನಿಯಾ ಹಳ್ಳಿಯಲ್ಲಿ ಅಕ್ಷರ ಬಾರದ ಅಜ್ಜಿಯಂದಿರು ಬಣ್ಣದ ಗುರುತು ಹಿಡಿದು ಸೋಲಾರ್ ಸರ್ಕ್ಯೂಟ್ ಬೆಸುಗೆ ಹಾಕಲು ಕಲಿತು ತಮ್ಮ ಊರಿಗೆ ದೀಪ ತರುತ್ತಾರೆ. ನೀನು ಗಣಿತದಲ್ಲಿ ಕಡಿಮೆ ಬಂತೆಂದು ಅಳುತ್ತಿದ್ದೀಯಲ್ಲ, ಅದಕ್ಕೇ ಹೇಳಿದೆ.

ಇನ್ನು ದಾರಿ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ ಎಲ್ಲ ಎರಡು ವರ್ಷದ ಟ್ರೇಡುಗಳು, ವೆಲ್ಡರ್ ಒಂದು ವರ್ಷ. "ಅಲ್ಲಿಗೇ ಓದು ನಿಂತುಹೋಗುತ್ತೆ" ಅನ್ನುವವರಿಗೆ ಇದನ್ನು ಹೇಳು: ಎರಡು ವರ್ಷದ ಐಟಿಐ ಮುಗಿಸಿದವರು ನೇರ ಡಿಪ್ಲೊಮಾದ ಎರಡನೇ ವರ್ಷಕ್ಕೆ ಹೋಗಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ. ಅಚ್ಚು, ಡೈ ಮಾಡುವ ಕೆಲಸದ ಮೇಲೆ ಮನಸ್ಸಿದ್ದರೆ ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನವರ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ಊರೂರಿಗೆ ಬಂದಿದೆ. ಮಹಿಳಾ ಐಟಿಐಗೆ ಹೋದರೆ ಹೊಲಿಗೆ, ಸೆಕ್ರೆಟೇರಿಯಲ್ ಪ್ರಾಕ್ಟೀಸ್, ಕಂಪ್ಯೂಟರ್ ಆಪರೇಟರ್ ಕಡೆಗೇ ನಿನ್ನನ್ನು ಮೆತ್ತಗೆ ತಳ್ಳುತ್ತಾರೆ. ಆ ಕೆಲಸಗಳನ್ನು ನಾನು ಹೀಗಳೆಯುವುದಿಲ್ಲ, ಆದರೆ ಬೇಡದಿದ್ದರೆ ಬೇಡ ಎಂದು ಬಾಯಿಬಿಟ್ಟು ಹೇಳು. ಇಪ್ಪತ್ತು ಹುಡುಗರ ನಡುವೆ ಒಬ್ಬಳೇ ಆದರೂ ಸರಿ, ನಿನಗೆ ಬೇಕಾದ ಟ್ರೇಡಿಗೇ ಸೇರು. ಕಲಿತಾದ ಮೇಲೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿಕೋ. ಹೆಸರಿನಲ್ಲಿ ಮ್ಯಾನ್ ಇದ್ದರೂ ಹೆಂಗಸರಿಗೂ ಕೊಡುತ್ತಾರೆ. ಮುಂದೆ ಕಂಟ್ರ್ಯಾಕ್ಟರ್ ಲೈಸೆನ್ಸ್ ತೆಗೆದರೆ ಇನ್ನೊಬ್ಬರ ಕೈಕೆಳಗೆ ದುಡಿಯುವ ಗೊಡವೆಯೇ ಇಲ್ಲ.

ಕಂಪ್ಯೂಟರ್ ಬೇಕೆಂಬ ನಿನ್ನ ಅಮ್ಮನ ಮಾತೂ ಗಾಳಿಗೆ ಹೋಗಬೇಕಿಲ್ಲ. ಈಗಿನ ಲೇತು ಸಿಎನ್‌ಸಿ, ಕಂಪ್ಯೂಟರ್ ನಡೆಸುವಂಥದ್ದು. ಜಿ ಸೊನ್ನೆ ಒಂದು ಎಂದು ಬರೆದರೆ ಟೂಲು ಹೇಳಿದ ವೇಗದಲ್ಲಿ ನೇರ ಸಾಗುತ್ತದೆ. ಕಾರ್ಖಾನೆಯ ಪ್ಯಾನೆಲ್‌ಗಳ ಒಳಗೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್, ಪಿಎಲ್‌ಸಿ ಕೂತಿದೆ, ಅದರ ಪ್ರೋಗ್ರಾಂ ಓದಲು ಬಾರದ ಎಲೆಕ್ಟ್ರಿಷಿಯನ್ ಅರ್ಧ ಕುರುಡ. ಆದರೆ ಮೊದಲು ಅರ ಹಿಡಿದು ಕಬ್ಬಿಣ ಉಜ್ಜು. ಐಟಿಐನಲ್ಲಿ ಮೊದಲ ತಿಂಗಳುಗಳಲ್ಲಿ ಬರೀ ಉಜ್ಜಿಸುತ್ತಾರೆ. ಅಂಗೈಯಲ್ಲಿ ಬೊಬ್ಬೆ ಬರುತ್ತದೆ, ಬಿಟ್ಟು ಓಡಿಹೋಗೋಣ ಅನಿಸುತ್ತದೆ. ವರ್ನಿಯರ್ ಹಿಡಿದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಅಳೆಯಲು ಬಂದ ದಿನ ಆ ಬೊಬ್ಬೆ ಮರೆತುಹೋಗುತ್ತದೆ. ಕಬ್ಬಿಣ ಎಲ್ಲಿ ಬಗ್ಗುತ್ತೆ, ಎಲ್ಲಿ ಮುರಿಯುತ್ತೆ ಅಂತ ಕೈಗೆ ತಿಳಿಯದವರು ಬರೆದ ಪ್ರೋಗ್ರಾಮಿನಿಂದ ಟೂಲು ಮುರಿದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ವರ್ಕ್‌ಶಾಪಿಗೆ ದುಪಟ್ಟಾ ಹಾಕಿಕೊಂಡು ಹೋಗಬೇಡ. ಸಭ್ಯತೆ ಅಂತ ಯಾರಾದರೂ ಒತ್ತಾಯ ಮಾಡಿದರೂ ಬೇಡ. ಲೇತಿನ ತಿರುಗುವ ಚಕ್ಕು ಸಭ್ಯತೆ ನೋಡುವುದಿಲ್ಲ. ಜಡೆ ಸುತ್ತಿ ಟೋಪಿಯೊಳಗೆ ಸೇರಿಸು. ಬಳೆ, ಉಂಗುರ ಮನೆಯಲ್ಲಿ. ಲೇತು, ಡ್ರಿಲ್ಲಿನ ಮುಂದೆ ಕೈಗವಸು ಹಾಕಬಾರದು, ವೆಲ್ಡಿಂಗಿಗೆ ಹಾಕದೆ ಇರಬಾರದು. ವೆಲ್ಡಿಂಗಿಗೆ ಹತ್ತಿ ಬಟ್ಟೆಯೇ ಆಗಬೇಕು, ಪಾಲಿಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕರೆಂಟಿನ ಕೆಲಸದಲ್ಲಿ ಟೆಸ್ಟರನ್ನು ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಇಟ್ಟು ನೋಡು, ಆಮೇಲೆ ಕೆಲಸದ ಜಾಗ ನೋಡು, ಮತ್ತೆ ಮೊದಲಿನ ಕಡೆ ನೋಡು. ಕೆಟ್ಟ ಟೆಸ್ಟರ್ ನಂಬಿ ಸತ್ತವರಿದ್ದಾರೆ.

ಮನುಷ್ಯರ ವಿಷಯವನ್ನೂ ಮುಚ್ಚಿಡುವುದಿಲ್ಲ. ಶೌಚಾಲಯ ಇಲ್ಲ ಅನ್ನುತ್ತಾರೆ. ಕೇಳಿ ಮಾಡಿಸಿಕೋ, ನೀರು ಕುಡಿಯದೆ ಇಡೀ ದಿನ ಇರಬೇಡ. ನಾನು ಹಾಗಿದ್ದು ಮೂತ್ರದ ಸೋಂಕು ತಂದುಕೊಂಡೆ, ಅದರಿಂದ ಯಾರೂ ನನಗೆ ಪದಕ ಕೊಡಲಿಲ್ಲ. ಕೈ ಹಿಡಿದು ಕಲಿಸುವ ನೆಪದಲ್ಲಿ ಕೈ ಹಿಡಿಯುವವರು ಸಿಗುತ್ತಾರೆ. ಹತ್ತು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾನೂನು ಹೇಳುತ್ತದೆ, ಅದಕ್ಕಿಂತ ಸಣ್ಣ ಕಡೆಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇದೆ. ಬರೆದುಕೊಡು, ತಾರೀಖು ಹಾಕಿ ಒಂದು ಪ್ರತಿ ಇಟ್ಟುಕೋ. ನನಗೆ ಕಲಿಸಿದವರು ಮಾತ್ರ ಬಹುಪಾಲು ಗಂಡಸರೇ. ಒಬ್ಬ ಹಿರಿಯ ಮೇಸ್ತ್ರಿ ಇನ್ಸುಲೇಷನ್ ಪರೀಕ್ಷಿಸುವ ತನ್ನ ಮೆಗ್ಗರ್ ನನ್ನ ಕೈಗೆ ಕೊಟ್ಟು "ಇದನ್ನ ಯಾರಿಗೂ ಕೊಡಬೇಡಮ್ಮ" ಅಂದಿದ್ದರು. ಅದು ಈಗಲೂ ನನ್ನ ಬೀರುವಿನಲ್ಲಿದೆ, ನಿನಗೇ ಕೊಡುತ್ತೇನೆ.

ಮಾರ್ಕ್ಸ್ ಕಾರ್ಡ್, ಜಾತಿ-ಆದಾಯದ ಸರ್ಟಿಫಿಕೇಟು, ಆಧಾರ್, ನಾಲ್ಕು ಫೋಟೊ ತೆಗೆದುಕೊಂಡು ಸೋಮವಾರ ಬೆಳಿಗ್ಗೆ ನಮ್ಮ ಮನೆಗೆ ಬಾ. ಅರ್ಜಿ ನಾವಿಬ್ಬರೇ ಕೂತು ತುಂಬೋಣ. ನಿಮ್ಮಪ್ಪನನ್ನೂ ಕರೆದುಕೊಂಡು ಬಾ; ಅಷ್ಟು ಹೊತ್ತು ಅವನು ನಮ್ಮ ಸ್ನಾನದ ಮನೆಯ ಗೀಸರ್ ಯಾಕೆ ಟ್ರಿಪ್ ಆಗುತ್ತಿದೆ ಅಂತ ನೋಡಲಿ.