ಹಕ್ಕು ಕೇಳಲು ನಾಚಿಕೆ ಏಕೆ?

ಪ್ರಶ್ನೆ: 2021ರಲ್ಲಿ ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾದೆ. ಸರ್ವಿಸ್‌ನಲ್ಲಿದ್ದಾಗಲೇ ಮೂರ್ಛೆರೋಗ ಶುರುವಾಗಿತ್ತು. ‘ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ’ ಎಂದು ಅಂಗವೈಕಲ್ಯ ಪಿಂಚಣಿ ಕೊಡಲಿಲ್ಲ. ಕೈಕಾಲು ನೆಟ್ಟಗಿರುವವನು ಹೇಗೆ ಕೇಳಲಿ ಎಂದು ಸುಮ್ಮನಿದ್ದೆ. ಮೇಲ್ಮನವಿಯ ಗಡುವೂ ಮುಗಿಯಿತು. ಈಗಲಾದರೂ ಕೇಳಿ ಎನ್ನುತ್ತಾಳೆ ಹೆಂಡತಿ. ರಾತ್ರಿ ನಿದ್ದೆ ಬರುತ್ತಿಲ್ಲ.
– ಮಾಜಿ ಸೈನಿಕ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ನೋವನ್ನು ನುಂಗಿಕೊಂಡು ಡ್ಯೂಟಿಗೆ ನಿಲ್ಲುವುದು ವರ್ಷಗಟ್ಟಲೆ ರೂಢಿಯಾದ ಮೇಲೆ, ಊರಿಗೆ ಬಂದ ಮಾತ್ರಕ್ಕೆ ಅದು ಬಿಟ್ಟುಹೋಗುವುದಿಲ್ಲ. ಜೊತೆಗಾರರು ಕಾಲು ಕಳೆದುಕೊಂಡದ್ದನ್ನು ಕಂಡವರಿಗೆ ‘ನನ್ನದೇನು ಮಹಾ’ ಅನಿಸುವುದೂ ಸಹಜ. ಹೀಗೆ ಸುಮ್ಮನಿರುವವರು ನೀವೊಬ್ಬರೇ ಅಲ್ಲ.

ಆದರೆ ಯಾರ ನೋವು ದೊಡ್ಡದು ಎಂದು ನೋಡಿ ಕೊಡುವ ಪಿಂಚಣಿ ಇದಲ್ಲ. ಕಾಯಿಲೆ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಹೆಚ್ಚಾಗಿರಬೇಕು. ವೈಕಲ್ಯ ಶೇ 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ನಿಯಮ ನೋಡುವುದು ಇದನ್ನು. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಧರಮ್‌ವೀರ್ ಸಿಂಗ್ ಪ್ರಕರಣದಲ್ಲೂ ಇದ್ದದ್ದು ಮೂರ್ಛೆರೋಗವೇ. ಸೇರುವಾಗ ದಾಖಲಾಗದ ಕಾಯಿಲೆ ಆಮೇಲೆ ಕಂಡುಬಂದರೆ ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು ಎಂದಿತು ಕೋರ್ಟ್. (2023ರ ಸೆಪ್ಟೆಂಬರ್ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ, ಅವರು ಬೇರೆಯಾಗಿ ವಿಚಾರಿಸಬೇಕು.)

ಇನ್ನು ಗಡುವಿನ ಮಾತು. ಮೊದಲ ಮೇಲ್ಮನವಿಗೆ ಆರು ತಿಂಗಳು, ಎರಡನೆಯದಕ್ಕೆ ಮತ್ತೆ ಆರು ತಿಂಗಳು. ಅಂತಿಮ ಆದೇಶದ ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲೂ ಆರೇ ತಿಂಗಳು. ಆದರೆ ತಕ್ಕ ಕಾರಣವಿದ್ದರೆ ಮಂಡಳಿ ವಿಳಂಬವನ್ನು ಮನ್ನಿಸಬಹುದು. ಪಿಂಚಣಿ ತಪ್ಪುವುದು ತಿಂಗಳು ತಿಂಗಳೂ ಆಗುವ ನಷ್ಟವಾದ್ದರಿಂದ ತಡವಾಯಿತೆಂಬ ಒಂದೇ ಕಾರಣಕ್ಕೆ ದಾರಿ ಮುಚ್ಚುವುದಿಲ್ಲ. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತ. ಅದಕ್ಕೇ ಇನ್ನೂ ತಡ ಮಾಡಬೇಡಿ.

ಈ ವಾರ ತಿರಸ್ಕಾರದ ಪತ್ರ, ಬಿಡುಗಡೆ ವೇಳೆಯ ಮೆಡಿಕಲ್ ಬೋರ್ಡ್ ಕಾಗದ, ಆಸ್ಪತ್ರೆ ಚೀಟಿಗಳನ್ನು ಒಂದು ಫೈಲಿಗೆ ಸೇರಿಸಿ. ಇಲ್ಲದ್ದನ್ನು ನಿಮ್ಮ ರೆಕಾರ್ಡ್ ಆಫೀಸಿಗೆ ಬರೆದು ಕೇಳಿ. ಆಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಮೇಲ್ಮನವಿಯೋ ನ್ಯಾಯಮಂಡಳಿಯೋ ಎಂದು ವಿಚಾರಿಸಿ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ‘ಖಂಡಿತ ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ’ ಎನ್ನುವವರಿಂದ ದೂರವಿರಿ. ತಡವಾದದ್ದೇಕೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ.

ನಿದ್ದೆಯ ವಿಷಯ ಇದಕ್ಕಿಂತ ತುರ್ತಿನದು. ನಿದ್ದೆಗೆಟ್ಟರೆ ಮೂರ್ಛೆ ಮರುಕಳಿಸಬಹುದು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿನ ವೈದ್ಯರಿಗೆ ಹೇಳಿ. ಮನಸ್ಸು ತೀರಾ ಕುಗ್ಗಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ತೀರ್ಪು ನಿಮ್ಮ ಪರವಾಗಿಯೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಕೇಳಿದ್ದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ, ಅಷ್ಟು ಹೇಳಬಲ್ಲೆ. ಕಾಗದ ಹುಡುಕುವಾಗ ಮನೆಯವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಕೇಳಿ ಎಂದು ಧೈರ್ಯ ಕೊಟ್ಟವರು ಅವರೇ ತಾನೆ?